ಊರೇ ಕೂಗಿದ ಹೆಸರು

ನಮ್ಮ ದೇಶದ ಫುಟ್‌ಬಾಲ್ ಚರಿತ್ರೆಯನ್ನು ಬರೆಯುವವರು ಗೋಲು ಹೊಡೆದವರ ಹೆಸರುಗಳನ್ನು ಮೊದಲು ಬರೆಯುತ್ತಾರೆ; ಅದು ಸಹಜವೇ. ವಿಶ್ವಕಪ್ಪಿನಲ್ಲಿ ಆಡಿದವರು, ಹೊರದೇಶದ ಕ್ಲಬ್ಬುಗಳಿಗೆ ಹೋಗಿ ಕೀರ್ತಿ ತಂದವರು, ತಮ್ಮ ಹೆಸರಿನ ಬೂಟುಗಳನ್ನು ಅಂಗಡಿಗಳಲ್ಲಿ ಮಾರಿಸಿಕೊಂಡವರು, ಇವರೆಲ್ಲರ ಸಾಲಿನಲ್ಲಿ ಶ್ರೀ ತೊಗಾವಾ ಯೊಶಿಹಾರು ಅವರ ಹೆಸರನ್ನು ಹುಡುಕಲು ಹೋದರೆ ನಿರಾಶೆಯಾಗುತ್ತದೆ. ಅವರು ರಕ್ಷಣಾ ಆಟಗಾರರಾಗಿದ್ದರು; ಗೋಲು ತಡೆಯುವುದು ಅವರ ಕೆಲಸವಾಗಿತ್ತೇ ಹೊರತು ಹೊಡೆಯುವುದಲ್ಲ. ರಾಷ್ಟ್ರೀಯ ತಂಡದಿಂದ ಒಮ್ಮೆ ಕರೆ ಬಂದಿತ್ತು. ಆ ಪಂದ್ಯವನ್ನು ಮೊದಲಿನಿಂದ ಕೊನೆಯವರೆಗೂ ಬೆಂಚಿನ ಮೇಲೆ ಕುಳಿತು ನೋಡಿ ಬಂದವರು, "ಒಳ್ಳೇ ಜಾಗ ಕೊಟ್ಟಿದ್ರು, ಎಲ್ಲಾ ಚೆನ್ನಾಗಿ ಕಾಣಿಸ್ತು" ಎಂದಷ್ಟೇ ಹೇಳಿದರು.

ಹೀಗಿದ್ದೂ, ಅವರು ಆಟದಿಂದ ನಿವೃತ್ತರಾದ ದಿನ ನಮ್ಮ ಶಿಯೊನೆ ಬಂದರಿನ ಮೀನುಮಾರುಕಟ್ಟೆ ಬಾಗಿಲು ಹಾಕಿತ್ತು. ಬಿರುಗಾಳಿಗೂ ಮುಚ್ಚದ, ಹೊಸ ವರ್ಷಕ್ಕೂ ಒಲ್ಲದ ಮನಸ್ಸಿನಿಂದ ಮುಚ್ಚುವ ಮಾರುಕಟ್ಟೆ ಅದು. ಈಗ ಅವರಿಗೆ ಅರವತ್ತು ತುಂಬುತ್ತಿರುವ, ಕ್ಲಬ್ಬಿನ ನಿರ್ದೇಶಕ ಸ್ಥಾನದಿಂದಲೂ ಅವರು ಇಳಿಯುತ್ತಿರುವ ಈ ವಸಂತದಲ್ಲಿ, ಅಭಿನಂದನ ಗ್ರಂಥಕ್ಕೆ ನಾಲ್ಕು ಮಾತು ಬರೆಯಬೇಕೆಂದು ಸಮಿತಿಯವರು ನನ್ನನ್ನು ಕೇಳಿದಾಗ ಎರಡನೆಯ ಯೋಚನೆ ಮಾಡದೆ ಒಪ್ಪಿಕೊಂಡೆ. ಅವರು ಆಡಿದ ಕಾಲದ ಬಹುಪಾಲು ಶಿಯೊನೆ ಮೈದಾನದ ಧ್ವನಿವರ್ಧಕದ ಮುಂದೆ ಕುಳಿತು ಆಟಗಾರರ ಹೆಸರುಗಳನ್ನು ಘೋಷಿಸುತ್ತಿದ್ದವಳು ಅರಿಗಾ ಸುಮಿಯೆ ಎಂಬ ನಾನೇ. ಜನ ಒಂದು ಹೆಸರನ್ನು ಕೇಳಿದಾಗ ಎಬ್ಬಿಸುವ ಸದ್ದು ಎಷ್ಟು ಬಗೆಯದು ಎಂಬುದನ್ನು ನನ್ನಷ್ಟು ಕೇಳಿದವರು ಈ ಊರಿನಲ್ಲಿ ಇಲ್ಲವೆಂದು ಧೈರ್ಯವಾಗಿ ಹೇಳಬಲ್ಲೆ.

ತೊಗಾವಾ ಅವರು ಸಮುದ್ರದ ಕಡೆಯವರಲ್ಲ. ನಾಗಾನೊ ಬೆಟ್ಟಗಳ ನಡುವಿನ, ಸೇಬು ಬೆಳೆಯುವ ಹಳ್ಳಿಯೊಂದರಿಂದ ಬಂದವರು. ನಮ್ಮ ಕ್ಲಬ್ಬು ಆಗ ಮೀನು ಡಬ್ಬಿ ಕಾರ್ಖಾನೆಯ ತಂಡವಾಗಿತ್ತು; ಆಟಗಾರರೆಲ್ಲರೂ ಬೆಳಿಗ್ಗೆ ಕಾರ್ಖಾನೆಯಲ್ಲಿ ದುಡಿದು ಮಧ್ಯಾಹ್ನ ಅಭ್ಯಾಸಕ್ಕೆ ಬರುತ್ತಿದ್ದರು. ಬಂದ ಮೊದಲ ವಾರವೇ ಮಾರುಕಟ್ಟೆಯ ಹೆಂಗಸರು ಈ ಎತ್ತರದ ಹುಡುಗನನ್ನು ಕೂರಿಸಿ ಹಸಿ ಬೊಂಡಾಸದ, ಅಂದರೆ ಹತ್ತು ತೋಳಿನ ಮೆತ್ತನೆಯ ಕಡಲಜೀವಿಯ, ಎಳೆಗಳನ್ನು ತಟ್ಟೆಗೆ ಹಾಕಿದರಂತೆ. ಅವರು ಒಂದೆಳೆಯನ್ನು ಬಾಯಿಗಿಟ್ಟುಕೊಂಡು, ನುಂಗಲೂ ಆಗದೆ ಉಗುಳಲೂ ಆಗದೆ ಕಣ್ಣರಳಿಸಿ ಕುಳಿತರಂತೆ.

"ಅಯ್ಯೋ, ಇದನ್ನ ನೋಡ್ರೇ! ಬೊಂಡಾಸಕ್ಕಿಂತ ಇವನ ಕಣ್ಣೇ ದೊಡ್ಡದಾಯ್ತು!" ಎಂದು ನಗೆಯೆಬ್ಬಿಸಿದವರು ಕುರೊಡಾ ತೊಮೆ ಅವರು. ಒಣಗಿಸಿದ ಬೊಂಡಾಸ ಮಾರುವ ತೊಮೆಯಮ್ಮನನ್ನು ಅರಿಯದವರು ಶಿಯೊನೆಯಲ್ಲಿಲ್ಲ. ಮಾರುಕಟ್ಟೆಯಲ್ಲಿ ಅವರ ದನಿಗೆ ಎದುರಿಲ್ಲ, ಮೈದಾನದ ಪೂರ್ವದ ಗ್ಯಾಲರಿಯಲ್ಲಿಯೂ ಇಲ್ಲ. ಯೊಶಿಹಾರು ಎಂಬ ಗಂಭೀರವಾದ ಹೆಸರನ್ನು ಕತ್ತರಿಸಿ 'ಹಾರು' ಎಂದು ಮಾಡಿದವರೂ ಅವರೇ. ಎದುರಾಳಿಯ ಚೆಂಡು ಎತ್ತರಕ್ಕೆ ಬಂದಾಗ ತೊಗಾವಾ ಅವರು ಹಣೆಯೊಡ್ಡಲು ಮೇಲಕ್ಕೆ ನೆಗೆಯುತ್ತಿದ್ದಂತೆ ಪೂರ್ವದ ಗ್ಯಾಲರಿಯಿಂದ "ಹಾರು! ಹಾರು!" ಎಂಬ ಕೂಗು ಏಳುತ್ತಿತ್ತು. ಹೊರಗಿನಿಂದ ಬಂದ ತಂಡಗಳಿಗೆ ಆ ಕೂಗೆಂದರೆ ಸಿಡುಕು, ನಮಗೆ ಹಬ್ಬ.

ಕೆಲವು ವರ್ಷಗಳಲ್ಲಿ ದೇಶದಲ್ಲೆಲ್ಲ ಫುಟ್‌ಬಾಲಿನ ಹುಚ್ಚು ಹಬ್ಬಿತು. ನಮ್ಮ ತಂಡ ಮೊದಲ ದರ್ಜೆಗೆ ಏರಿತು. ನೂಡಲ್ಸ್ ಜಾಹೀರಾತಿನಲ್ಲಿ ತೊಗಾವಾ ಅವರು ಬಿಸಿ ಬಟ್ಟಲನ್ನು ಹಿಡಿದು ಮುಗುಳ್ನಕ್ಕ ಮೇಲಂತೂ ಟೋಕಿಯೊದಿಂದ ಹುಡುಗಿಯರು ರೈಲು ಹತ್ತಿ ನಮ್ಮ ಪುಟ್ಟ ನಿಲ್ದಾಣಕ್ಕೆ ಬಂದಿಳಿಯತೊಡಗಿದರು. ನಾನು ಅವರ ಹೆಸರನ್ನು ಘೋಷಿಸಿದರೆ ಸಾಕು, ಕಿವಿ ತೂತಾಗುವಂಥ ಕಿರಿಚಾಟ. ತೊಮೆಯಮ್ಮ ಆ ಹುಡುಗಿಯರ ಕಡೆ ತಿರುಗಿ, "ಮುಖ ನೋಡೋಕೆ ಇಷ್ಟು ದೂರ ಬಂದ್ರಾ? ಅವನ ಕಾಲು ನೋಡ್ರಮ್ಮ, ಕಾಲು! ಮುಖ ಟೀವೀಲಿ ಬರುತ್ತಲ್ಲ!" ಎಂದು ಗದರುತ್ತಿದ್ದರು. ತೊಗಾವಾ ಅವರು ಇದರಿಂದ ಬೀಗಿದವರಲ್ಲ, ಆದರೆ ಸಂಕೋಚದಿಂದ ಓಡಿಹೋದವರೂ ಅಲ್ಲ. ಬಂದವರೆಲ್ಲರ ಟೋಪಿ, ಕೊಡೆ, ಕೈಚೀಲಗಳ ಮೇಲೆ ಹಸ್ತಾಕ್ಷರ ಹಾಕಿಕೊಟ್ಟು, ವಾಪಸು ಹೋಗುವ ಕೊನೆಯ ರೈಲು ತಪ್ಪೀತೆಂದು ತಾವೇ ಎಚ್ಚರಿಸಿ ಕಳುಹಿಸುತ್ತಿದ್ದರು.

ಆಮೇಲೆ ಬಂದಿತು ಆ ಡಿಸೆಂಬರಿನ ಪಂದ್ಯ. ಸೋಲದಿದ್ದರೆ ಸಾಕು, ಮೊದಲ ದರ್ಜೆಯಲ್ಲಿ ಉಳಿಯುತ್ತಿದ್ದೆವು. ಹಿಮದ ಜೊತೆ ಮಳೆ ಬೆರೆತು ಸುರಿಯುತ್ತಿತ್ತು. ಪಂದ್ಯ ಸಮವಾಗಿ ಮುಗಿಯುವ ಹೊತ್ತಿಗೆ ಎದುರಾಳಿಯ ಉದ್ದನೆಯ ಒದೆತವೊಂದು ನಮ್ಮ ಗೋಲಿನತ್ತ ಬಂತು. ತೊಗಾವಾ ಅವರು ಎಂದಿನಂತೆ ನೆಗೆದರು, ಚೆಂಡನ್ನು ಹಣೆಯಿಂದ ನಮ್ಮ ಗೋಲ್‌ಕೀಪರನ ಕೈಗೆ ಒಪ್ಪಿಸಲು ನೋಡಿದರು. ಗೋಲ್‌ಕೀಪರ್ ಅದೇ ಗಳಿಗೆಯಲ್ಲಿ ಮುಂದಕ್ಕೆ ಬಂದಿದ್ದ. ಚೆಂಡು ಅವನ ತಲೆಯ ಮೇಲಿಂದ ಸಾಗಿ ನಮ್ಮದೇ ಬಲೆಯೊಳಗೆ ಮೆತ್ತಗೆ ಬಿತ್ತು.

ಗೋಲು ಯಾರದೆಂದು ಘೋಷಿಸುವುದು ನನ್ನ ಕೆಲಸ. ಘೋಷಿಸಿದೆ. ಇಡೀ ಮೈದಾನದಲ್ಲಿ ಛತ್ರಿಗಳ ಮೇಲೆ ಬೀಳುವ ಮಳೆಯ ಸದ್ದೊಂದೇ ಕೇಳುತ್ತಿತ್ತು. ನಂತರ ಎದ್ದ ಕೂಗನ್ನು ಇಲ್ಲಿ ಬರೆಯುವುದು ಬೇಡ. ನೂಡಲ್ಸ್ ಜಾಹೀರಾತು ಮರುವಾರವೇ ಟೀವಿಯಿಂದ ಮಾಯವಾಯಿತು. ಟೋಕಿಯೊದ ರೈಲುಗಳಿಂದ ಹುಡುಗಿಯರು ಇಳಿಯುವುದು ನಿಂತಿತು. ತಂಡ ಎರಡನೆಯ ದರ್ಜೆಗೆ ಇಳಿಯಿತು. ಅಷ್ಟಾದರೂ ತೊಗಾವಾ ಅವರ ಆಟದ ಬೆಲೆ ಬಲ್ಲ ದೊಡ್ಡ ನಗರದ ಕ್ಲಬ್ಬೊಂದು ಅವರನ್ನು ಕರೆಯಿತು. ಮೊದಲ ದರ್ಜೆಯ ತಂಡ, ಬೆಚ್ಚನೆಯ ಊರು, ಸೆಲ್ಫ್ ಗೋಲಿನ ನೆನಪಿಲ್ಲದ ಜನ. ಅವರು ಹೋಗಿಯೇ ಹೋಗುತ್ತಾರೆಂದು ನಾವೆಲ್ಲ ಎಣಿಸಿದ್ದೆವು. ಹೋಗಲಿ ಎಂದುಕೊಂಡವರೂ ಕಡಿಮೆಯಿರಲಿಲ್ಲ.

ಒಂದು ಬೆಳಿಗ್ಗೆ, ಮಾರುಕಟ್ಟೆಯ ಹರಾಜು ಮುಗಿದು ಹೆಂಗಸರು ಮಿಸೊ ಸಾರು ಕಾಯಿಸಿಕೊಳ್ಳುತ್ತಿದ್ದ ಹೊತ್ತಿನಲ್ಲಿ, ತೊಗಾವಾ ಅವರು ಒಬ್ಬರೇ ಒಳಗೆ ನಡೆದು ಬಂದರು. ಕ್ಲಬ್ಬಿನ ಕ್ಯಾಂಟೀನಿಗೆ ಮೀನು ಗೊತ್ತುಮಾಡಲು ನಾನೂ ಅಲ್ಲಿಗೆ ಹೋಗಿದ್ದೆ. ಅವರು ತೊಮೆಯಮ್ಮನ ಅಂಗಡಿಯ ಮುಂದೆ ನಿಂತು ಸೊಂಟದ ಮಟ್ಟಕ್ಕೆ ಬಾಗಿ ಹಾಗೆಯೇ ನಿಂತುಬಿಟ್ಟರು.

"ಏನು, ಹೊರಟ್ಯಾ? ಹೇಳಿ ಹೋಗೋಕೆ ಬಂದ್ಯಾ?" ಎಂದರು ತೊಮೆಯಮ್ಮ, ಬೊಂಡಾಸ ಸೀಳುವ ಚಾಕುವನ್ನು ಕೆಳಗಿಡದೆಯೇ.

"ಇಲ್ಲ. ಕ್ಷಮೆ ಕೇಳೋಕೆ ಬಂದೆ."

"ಕ್ಷಮೆ ಕೇಳಿದ್ರೆ ಗೋಲು ವಾಪಸ್ ಬರುತ್ತಾ?"

"ಬರಲ್ಲ."

"ಮತ್ತೆ ಇಲ್ಲಿ ಯಾಕೆ ನಿಂತಿದೀಯ, ದಾರಿಗಡ್ಡ?"

ತೊಗಾವಾ ಅವರು ತಲೆಯೆತ್ತದೆ, "ಏನು ಮಾಡಬೇಕು ಅಂತ ಗೊತ್ತಾಗ್ತಿಲ್ಲ" ಎಂದರು. ಅಷ್ಟು ದೊಡ್ಡ ಆಳು ಅಷ್ಟು ಸಣ್ಣ ದನಿಯಲ್ಲಿ ಮಾತಾಡಿದ್ದನ್ನು ನಾನು ಮೊದಲು ಕೇಳಿರಲಿಲ್ಲ.

ತೊಮೆಯಮ್ಮ ಚಾಕು ಕೆಳಗಿಟ್ಟು, ಸೊಂಟಕ್ಕೆ ಕಟ್ಟಿದ್ದ ಮೇಲ್ಬಟ್ಟೆಗೆ ಕೈಯೊರೆಸಿಕೊಂಡು, ಅವರ ತೋಳು ಹಿಡಿದು ಹಿಂದಿನ ಚಪ್ಪರಕ್ಕೆ ಎಳೆದೊಯ್ದರು. ಅಲ್ಲಿ ಮುದುಕರು ನಾಲ್ಕಾರು ಮಂದಿ ಚಳಿಗಾಲದ ಬಲೆಗಳನ್ನು ಹರವಿಕೊಂಡು ಕೂತಿದ್ದರು. "ಬಲೆ ಹರಿದಾಗ ಇವರೇನು ಅಳ್ತಾ ನಿಂತ್ಕೋತಾರಾ? ಕೂತು ಹೆಣೀತಾರೆ. ತಗೋ ಸೂಜಿ. ಕೂತ್ಕೋ. ಆ ಉದ್ದನೇ ಕಾಲು ಮಡಚಿಕೋ, ಎಡವಿ ಬಿದ್ದಾರು ಯಾರಾದ್ರೂ!"

ಆ ಚಳಿಗಾಲವೆಲ್ಲ ತೊಗಾವಾ ಅವರು ಬಲೆ ಹೆಣೆದರು. ನಗರದ ಕ್ಲಬ್ಬಿಗೆ ಬರುವುದಿಲ್ಲವೆಂದು ತಿಳಿಸಿದರು. ಮೊದಮೊದಲು ಅವರು ಹಾಕಿದ ಗಂಟುಗಳನ್ನು ಮುದುಕರು ಮರುದಿನ ಗುಟ್ಟಾಗಿ ಬಿಚ್ಚಿ ಮತ್ತೆ ಹಾಕುತ್ತಿದ್ದರಂತೆ. ಚಳಿಗಾಲ ಮುಗಿಯುವ ಹೊತ್ತಿಗೆ ಬಿಚ್ಚುವುದನ್ನು ಬಿಟ್ಟರು. ಶಿಯೊನೆಯಷ್ಟೇ ಅಲ್ಲ, ಆಚೀಚಿನ ಸಣ್ಣ ಬಂದರುಗಳಿಗೂ ಅವರು ಆಟದ ಬಿಡುವಿನಲ್ಲಿ ಹೋಗುತ್ತಿದ್ದರು. ಅಲ್ಲಿನ ಜನ ಅವರನ್ನು ಬೈಯಲು ಶುರುಮಾಡಿ ಊಟಕ್ಕೆ ಕೂರಿಸುವುದರಲ್ಲಿ ಮುಗಿಸುತ್ತಿದ್ದರು. ಅಷ್ಟರಲ್ಲಿ ಹಸಿ ಬೊಂಡಾಸವನ್ನು ನುಂಗುವುದೂ ಅವರಿಗೆ ಅಭ್ಯಾಸವಾಗಿತ್ತು.

ಎರಡು ಚಳಿಗಾಲಗಳ ಬಳಿಕ ಇನ್ನೊಂದು ಪೆಟ್ಟು ಬಿತ್ತು. ಡಬ್ಬಿ ಕಾರ್ಖಾನೆ ಕೈಯೆತ್ತಿತು. ಜಿಲ್ಲಾ ಕೇಂದ್ರದ ಕ್ಲಬ್ಬಿನಲ್ಲಿ ನಮ್ಮ ತಂಡವನ್ನು ವಿಲೀನ ಮಾಡುವುದೆಂದೂ, ಹೆಸರೂ ಮೈದಾನವೂ ಇನ್ನು ಇರುವುದಿಲ್ಲವೆಂದೂ ಮೇಲಿನವರು ನಿಶ್ಚಯಿಸಿದರು. ಪುರಭವನದಲ್ಲಿ ಸಭೆ ಕರೆದರು. ಹೊರಗಿನಿಂದ ಬಂದಿದ್ದ ಅಧಿಕಾರಿಯೊಬ್ಬರು ಸೌಜನ್ಯದಿಂದಲೇ ಕೇಳಿದರು: "ನಿಮ್ಮ ತಂಡವನ್ನು ಪ್ರೀತಿಸ್ತೀವಿ ಅಂತೀರಿ. ಹಾಗಿದ್ರೆ ಮೈದಾನ ಯಾಕೆ ಅರ್ಧ ಖಾಲಿ ಇರುತ್ತೆ?"

ತೊಗಾವಾ ಅವರು ಎದ್ದು ನಿಂತರು. ಸಭೆಗಳಲ್ಲಿ ಅವರು ಮಾತಾಡಿದ್ದೇ ಅಪರೂಪ. "ನಾವು ಆಡೋದು ಮಧ್ಯಾಹ್ನ ಎರಡು ಗಂಟೆಗೆ. ಬೊಂಡಾಸದ ದೋಣಿಗಳು ಹೊರಡೋದೂ ಆಗಲೇ. ಈ ಊರಿನ ಅರ್ಧ ಜನ ಆ ಹೊತ್ತಿಗೆ ಸಮುದ್ರದ ಮೇಲಿರ್ತಾರೆ. ನಾನು ಅವರ ಜೊತೆ ಕೂತು ಬಲೆ ಹೆಣೆದಿದೀನಿ. ನನ್ನ ಒಂದೊಂದು ತಪ್ಪನ್ನೂ ರೇಡಿಯೋದಲ್ಲಿ ಕೇಳಿ ಬಾಯಿಪಾಠ ಮಾಡ್ಕೊಂಡಿದಾರೆ. ಆದ್ರೆ ಆಡೋದನ್ನ ಕಣ್ಣಾರೆ ನೋಡಿಲ್ಲ. ಒಂದು ಪಂದ್ಯ ಬೆಳಿಗ್ಗೆ ಆಡೋಣ. ಆಗಲೂ ಖಾಲಿ ಇದ್ರೆ ನೀವು ಹೇಳಿದ ಹಾಗೇ ಆಗಲಿ."

ಹಿಂದಿನಿಂದ ದೋಣಿಯ ಯಜಮಾನರೊಬ್ಬರು ಕೂಗಿದರು: "ಆ ಸೆಲ್ಫ್ ಗೋಲು ನೋಡೋದು ತಪ್ಪಿದ್ದಕ್ಕೆ ನನ್ನ ಹೆಂಡ್ತಿ ಇನ್ನೂ ಹಂಗಿಸ್ತಾಳೆ! ಇನ್ನೊಂದನ್ನಾದ್ರೂ ತೋರಿಸಪ್ಪಾ!" ಸಭೆ ಗೊಳ್ಳೆಂದು ನಕ್ಕಿತು. ಆ ಅಧಿಕಾರಿಯೂ ನಕ್ಕರು. ಬೆಳಗಿನ ಪಂದ್ಯಕ್ಕೆ ಲೀಗಿನವರು ಒಪ್ಪುವುದು ಸುಲಭವಿರಲಿಲ್ಲ; ಎದುರಾಳಿ ತಂಡವೂ ಒಪ್ಪಬೇಕಿತ್ತು. ತೊಗಾವಾ ಅವರು ಆ ತಂಡದ ನಾಯಕನಿಗೆ ತಾವೇ ಫೋನು ಮಾಡಿ, "ಬೇಗ ಏಳಬೇಕಾಗುತ್ತೆ, ಅದಕ್ಕೆ ಬದಲಾಗಿ ಶಿಯೊನೆಯ ಬೆಳಗಿನ ಊಟ ಹಾಕಿಸ್ತೀನಿ" ಎಂದು ಒಪ್ಪಿಸಿದರು.

ಆ ಭಾನುವಾರದ ಬೆಳಗನ್ನು ವರ್ಣಿಸುವ ಶಕ್ತಿ ನನ್ನ ಲೇಖನಿಗೆ ಇದ್ದಿದ್ದರೆ ಎಂದು ಹಂಬಲಿಸುತ್ತೇನೆ. ಮೈಕಿನ ಕೋಣೆಯ ಕಿಟಕಿಯಿಂದ ಬಂದರು ಕಾಣುತ್ತದೆ. ದೋಣಿಗಳು ಒಂದರ ಹಿಂದೊಂದು ಒಳಬರುತ್ತಿದ್ದವು, ಪ್ರತಿಯೊಂದರ ಮೇಲೂ ಭರ್ಜರಿ ಮೀನು ಸಿಕ್ಕಾಗ ಮಾತ್ರ ಏರಿಸುವ ಬಣ್ಣಬಣ್ಣದ ದೊಡ್ಡ ಬಾವುಟ. ಆ ರಾತ್ರಿ ಮೀನೇನೂ ಹೆಚ್ಚು ಬಿದ್ದಿರಲಿಲ್ಲವೆಂದು ಆಮೇಲೆ ತಿಳಿಯಿತು. ಬಾವುಟಗಳನ್ನು ಕಂಬದಿಂದ ಬಿಚ್ಚಿ ಹೆಗಲಿಗೆ ಹಾಕಿಕೊಂಡು, ರಬ್ಬರ್ ಬೂಟುಗಳಲ್ಲೇ, ನಿದ್ದೆಗೆಟ್ಟ ಕೆಂಗಣ್ಣುಗಳಲ್ಲೇ ಅವರು ಬಂದರಿನಿಂದ ನೇರವಾಗಿ ಮೈದಾನಕ್ಕೆ ನಡೆದು ಬಂದರು. ಆಚೀಚಿನ ಬಂದರುಗಳವರು ಮೀನಿನ ಲಾರಿಗಳಲ್ಲಿ ಬಂದರು. ಹೆಂಗಸರು ಅನ್ನದ ಉಂಡೆಗಳ ಬುಟ್ಟಿಗಳನ್ನು ಹೊತ್ತು ತಂದರು. ಗ್ಯಾಲರಿ ತುಂಬಿ, ಮೆಟ್ಟಿಲು ತುಂಬಿ, ಬೇಲಿಯ ಹೊರಗಿನ ಒಡ್ಡಿನ ಮೇಲೂ ಜನ. ಮೈದಾನವಿಡೀ ಬೊಂಡಾಸದ ವಾಸನೆ. ಟಿಕೆಟ್ ಕಿಟಕಿಯಿಂದ ಓಡಿ ಬಂದ ನಮ್ಮ ವ್ಯವಸ್ಥಾಪಕರು, "ಸುಮಿಯೆ-ಸಾನ್, ಟಿಕೆಟ್ ಮುಗೀತು! ಏನ್ರೀ ಮಾಡೋದು, ಟಿಕೆಟ್ಟೇ ಮುಗಿದೋಯ್ತು!" ಎಂದು ಅಳುವವರ ಹಾಗೆ ನಗುತ್ತಿದ್ದರು.

ಮೊದಲು ಎದುರಾಳಿಗಳೇ ಗೋಲು ಹೊಡೆದರು. ವಿರಾಮದ ನಂತರ ನಾವು ಸಮ ಮಾಡಿದೆವು. ರೆಫರಿ ಗಡಿಯಾರ ನೋಡತೊಡಗಿದ್ದ ಹೊತ್ತಿಗೆ ನಮಗೊಂದು ಕಾರ್ನರ್ ಕಿಕ್ ಸಿಕ್ಕಿತು. ತೊಗಾವಾ ಅವರು ತಮ್ಮ ಜಾಗ ಬಿಟ್ಟು ಎದುರಾಳಿಯ ಗೋಲಿನ ಮುಂದಕ್ಕೆ ಓಡಿದರು. ಚೆಂಡು ಮೇಲೆದ್ದಿತು. ಪೂರ್ವದ ಗ್ಯಾಲರಿಯಷ್ಟೇ ಅಲ್ಲ, ನಾಲ್ಕೂ ದಿಕ್ಕು ಒಂದೇ ಗಂಟಲಾಗಿ "ಹಾರು! ಹಾರು!" ಎಂದು ಕೂಗಿತು. ಅವರು ನೆಗೆದರು. ಅಷ್ಟು ಎತ್ತರಕ್ಕೆ ಅವರು ಹಿಂದೆಂದೂ ನೆಗೆದಿರಲಿಲ್ಲ, ಮುಂದೆಯೂ ನೆಗೆಯಲಿಲ್ಲ. ಹಣೆಗೆ ತಾಗಿದ ಚೆಂಡು ಗೋಲ್‌ಕೀಪರನ ಬೆರಳುಗಳ ನಡುವಿನಿಂದ ನುಗ್ಗಿ ಬಲೆಯನ್ನು ಹಿಂದಕ್ಕೆ ತಳ್ಳಿತು.

ನಾನು ಮೈಕಿನಲ್ಲಿ ಏನು ಹೇಳಿದೆನೋ ನನಗೇ ಕೇಳಿಸಲಿಲ್ಲ. ಬಾವುಟಗಳು ಗ್ಯಾಲರಿಯನ್ನೇ ಮುಚ್ಚಿಬಿಟ್ಟಿದ್ದವು. ಆ ಅಧಿಕಾರಿ ತಮ್ಮ ಕುರ್ಚಿಯ ಮೇಲೆ ಹತ್ತಿ ನಿಂತಿದ್ದರೆಂದು ಪಕ್ಕದಲ್ಲಿದ್ದವರು ಹೇಳುತ್ತಾರೆ. ವಿಲೀನದ ಮಾತು ಅಲ್ಲಿಗೇ ನಿಂತಿತು. ಕ್ಲಬ್ಬು ಊರವರದ್ದಾಯಿತು, ದೋಣಿಗೊಂದು, ಅಂಗಡಿಗೊಂದು, ಮನೆಗೊಂದು ಪಾಲು. ಒಂದೇ ವರ್ಷದೊಳಗೆ ನಾವು ಮತ್ತೆ ಮೊದಲ ದರ್ಜೆಗೆ ಏರಿದೆವು. ಬೆಳಗಿನ ಪಂದ್ಯಗಳು ಇಂದಿಗೂ ನಡೆಯುತ್ತಿವೆ. ಬೇರೆ ಊರಿನ ಆಟಗಾರರು ಇಂದಿಗೂ ಆಕಳಿಸುತ್ತಲೇ ಬಂದು ಉಂಡು ಹೋಗುತ್ತಾರೆ.

ಇವೆಲ್ಲ ಊರಿಗೆ ಗೊತ್ತಿರುವ ಸಂಗತಿಗಳು. ನನ್ನೊಬ್ಬಳಿಗೇ ಸಂಬಂಧಿಸಿದ ಒಂದನ್ನು ಹೇಳದೆ ಈ ಬರಹವನ್ನು ಮುಗಿಸಲಾರೆ. ಅವರ ಆಟದ ಕೊನೆಯ ವರ್ಷಗಳಲ್ಲಿ ನನ್ನ ಗಂಟಲಿನಲ್ಲಿ ಗಂಟೊಂದು ಎದ್ದು, ಶಸ್ತ್ರಚಿಕಿತ್ಸೆಯ ಬಳಿಕ ದನಿಯೇ ಹೋಯಿತು. ಮರಳಿ ಬರುವುದೋ ಇಲ್ಲವೋ ವೈದ್ಯರೂ ಹೇಳಲಿಲ್ಲ. ಹೊಸ ಉದ್ಘೋಷಕಿಯನ್ನು ನೇಮಿಸುವುದು ಕ್ಲಬ್ಬಿಗೆ ಅನಿವಾರ್ಯವೆಂದು ತಿಳಿದು ನಾನು ನನ್ನ ಸಾಮಾನುಗಳನ್ನು ಚೀಲಕ್ಕೆ ತುಂಬಿಕೊಳ್ಳುತ್ತಿದ್ದೆ. ತೊಗಾವಾ ಅವರು ಬಾಗಿಲಲ್ಲಿ ಬಂದು ನಿಂತರು.

"ಎಲ್ಲಿಗೆ ಹೊರಟಿರಿ ಅಕ್ಕಾ?"

ನಾನು ಗಂಟಲನ್ನು ತೋರಿಸಿ ಕೈಯಲ್ಲಾಡಿಸಿದೆ.

"ನಿಮಗೆ ದನಿ ಇಲ್ಲ, ಸರಿ. ಆದ್ರೆ ಕೈ ಇದೆಯಲ್ಲ? ನೀವು ಆಟಗಾರನ ಅಂಗಿಯ ನಂಬರ್ ಎತ್ತಿ ತೋರಿಸಿ. ಹೆಸರು ಕೂಗೋಕೆ ಅಲ್ಲಿ ಅಷ್ಟು ಜನ ಇದಾರೆ. ತೊಮೆಯಮ್ಮ ಒಬ್ಬರೇ ಸಾಕು, ಮೈಕೂ ಬೇಡ."

ಮುಂದಿನ ಪಂದ್ಯದ ದಿನ ನಾನು ಮೈದಾನದ ನಡುವೆ ನಿಂತು ಗೋಲ್‌ಕೀಪರನ ನಂಬರನ್ನು ಎತ್ತಿದೆ. ಮರುಗಳಿಗೆಯಲ್ಲಿ ಸಾವಿರಾರು ಜನ ಅವನ ಹೆಸರನ್ನು ಕೂಗಿದರು. ಒಂದೊಂದೇ ನಂಬರ್ ಎತ್ತಿದಂತೆ ಆ ಕೂಗು ದೊಡ್ಡದಾಗುತ್ತ ಹೋಯಿತು. ತೊಗಾವಾ ಅವರ ನಂಬರ್ ಎತ್ತುವ ಮೊದಲೇ ಅವರ ಹೆಸರು ಬಂದುಬಿಟ್ಟಿತು. ಆಮೇಲೆ, ನಾನು ಎಣಿಸಿರದ ಸಂಗತಿಯೊಂದು ನಡೆಯಿತು. ತೊಗಾವಾ ಅವರು ಆಟಗಾರರ ಸಾಲಿನಿಂದ ಹೊರಬಂದು, ಗ್ಯಾಲರಿಯತ್ತ ತಿರುಗಿ, ಎರಡೂ ಕೈಗಳಿಂದ ನನ್ನನ್ನು ತೋರಿಸಿದರು. "ಸು-ಮಿ-ಯೆ!" ಎಂದು ಇಡೀ ಶಿಯೊನೆ ಕೂಗಿತು. ಅಷ್ಟು ವರ್ಷ ಅಷ್ಟು ಜನರ ಹೆಸರು ಹೇಳಿದವಳ ಹೆಸರನ್ನು ಆ ಮೈದಾನದಲ್ಲಿ ಯಾರಾದರೂ ಹೇಳಿದ್ದು ಅದೇ ಮೊದಲು. ಆರು ತಿಂಗಳಲ್ಲಿ ನನ್ನ ದನಿ ಮರಳಿತು, ಸ್ವಲ್ಪ ಒಡಕಾಗಿ. ಆದರೆ ಹೆಸರು ಕೂಗುವ ಹಕ್ಕನ್ನು ಜನ ನನಗೆ ಮರಳಿಸಲಿಲ್ಲ, ನಾನೂ ಕೇಳಲಿಲ್ಲ.

ನಿವೃತ್ತಿಯ ಬಳಿಕ ಟೋಕಿಯೊದ ಟೀವಿಯವರು ಅವರನ್ನು ವೀಕ್ಷಕ ವಿವರಣೆಗೆ ಕರೆದಿದ್ದರು. ಒಮ್ಮೆ ಹೋದರು. ಪಂದ್ಯದ ಮುಕ್ಕಾಲು ಭಾಗ ಮೌನವಾಗಿ ನೋಡಿ, ಕೇಳಿದ್ದಕ್ಕೆಲ್ಲ "ಹೌದು, ಕಷ್ಟ ಇದೆ" ಎಂದು ಉತ್ತರಿಸಿ ಬಂದರು. ಮತ್ತೆ ಕರೆ ಬರಲಿಲ್ಲ. ಇನ್ನು ಅವರು ಊರಲ್ಲೇ ಉಳಿಯುತ್ತಾರೆಂದು ಶಿಯೊನೆ ನಿಟ್ಟುಸಿರು ಬಿಟ್ಟಿತು. ಅಂದಿನಿಂದ ತರಬೇತುದಾರರಾಗಿ, ನಂತರ ನಿರ್ದೇಶಕರಾಗಿ ಅವರು ಬೆಳೆಸಿದ ಆಟಗಾರರು ಇಂದು ದೇಶದ ಮೂಲೆಮೂಲೆಗಳಲ್ಲಿ ಆಡುತ್ತಿದ್ದಾರೆ. ಆ ಆಟಗಾರರ ಬರಹಗಳು ಇದೇ ಗ್ರಂಥದ ಬೇರೆ ಪುಟಗಳಲ್ಲಿವೆ.

ಟೀವಿ ಕೊಟ್ಟ ಜನಪ್ರಿಯತೆಯನ್ನು ಟೀವಿ ಒಂದು ವಾರದಲ್ಲಿ ಹಿಂತೆಗೆದುಕೊಂಡದ್ದನ್ನು ನಾನು ಕಂಡಿದ್ದೇನೆ. ಬಲೆ ಹೆಣೆಯುತ್ತ, ಬೈಸಿಕೊಳ್ಳುತ್ತ, ಜೊತೆಗೆ ಕೂತು ಉಣ್ಣುತ್ತ ಅವರು ಗಳಿಸಿದ್ದು ಇಂದಿಗೂ ಒಂದಿಷ್ಟೂ ಕರಗಿಲ್ಲ. ಇದಕ್ಕಿಂತ ಹೆಚ್ಚಿನ ವ್ಯಾಖ್ಯಾನವನ್ನು ನಾನು ಮಾಡಲಾರೆ.

ಅರವತ್ತರ ನೆನಪಿಗೆ ಮೈದಾನದ ಮುಂದೆ ಅವರ ಕಂಚಿನ ಪ್ರತಿಮೆ ನಿಲ್ಲಿಸಬೇಕೆಂದು ಪುರಸಭೆ ತೀರ್ಮಾನಿಸಿತ್ತು. ಅದನ್ನು ಕೇಳಿ ತೊಗಾವಾ ಅವರು ಗಾಬರಿಯಾಗಿ ಓಡಿಬಂದು, ಆ ಖರ್ಚಿನಲ್ಲಿ ಪೂರ್ವದ ಗ್ಯಾಲರಿಗೆ ಚಾವಣಿ ಹಾಕಿಸಬೇಕೆಂದೂ, ಮಳೆಯಲ್ಲಿ ನೆನೆಯುತ್ತ ಕೂಗುವ ವಯಸ್ಸು ಅಲ್ಲಿನ ಹೆಂಗಸರಿಗೆ ಕಳೆದಿದೆಯೆಂದೂ ಬೇಡಿಕೊಂಡರು. ಚಾವಣಿ ಸಿದ್ಧವಾಗಿದೆ. ಕಳೆದ ವಾರ, ಅರವತ್ತು ತುಂಬಿದವರಿಗೆ ತೊಡಿಸುವ ಕೆಂಪು ಅಂಗಿ, ಕೆಂಪು ಟೋಪಿ ತೊಡಿಸಿ ಅವರನ್ನು ಅದರ ಕೆಳಗೆ ಕೂರಿಸಿದೆವು. ತೊಂಬತ್ತು ದಾಟಿದ ತೊಮೆಯಮ್ಮ ಗಾಲಿಕುರ್ಚಿಯಲ್ಲಿ ಬಂದು ಅವರನ್ನು ಮೇಲಿಂದ ಕೆಳಗೆ ನೋಡಿ, "ಬೇಯಿಸಿದ ಏಡಿ ಥರ ಕಾಣ್ತೀಯ" ಎಂದರು.

"ಹೌದಾ ಅಮ್ಮ?"

"ಹ್ಞೂಂ. ಏಪ್ರಿಲ್ ಪಂದ್ಯಕ್ಕೆ ನನ್ನ ಪಕ್ಕದ ಜಾಗ ನಿಂಗೆ ಇಟ್ಟಿದೀನಿ. ಟಿಕೆಟ್ ತಗೊಂಡು ಬಾ, ಪುಕ್ಕಟೆ ಬರಬೇಡ. ದೊಡ್ಡ ಮನುಷ್ಯನ ಹಾಗೆ ಸುಮ್ನೆ ಕೂತ್ರೆ ಎಬ್ಬಿಸಿ ಕಳಿಸ್ತೀನಿ."

ತೊಗಾವಾ ಯೊಶಿಹಾರು ಅವರಿಗೆ ದೀರ್ಘಾಯುಷ್ಯವೂ ಆರೋಗ್ಯವೂ ಸಮೃದ್ಧವಾಗಿ ಒದಗಲಿ. ಬೆಟ್ಟದಿಂದ ಬಂದು ಸಮುದ್ರಕ್ಕೆ ಸೇರಿದ ಅವರ ಬದುಕು ಇನ್ನೂ ಅನೇಕ ಆಟಗಾರರನ್ನು ಬೆಳೆಸಲಿ. ಏಪ್ರಿಲಿನ ಮೊದಲ ಬೆಳಗಿನ ಪಂದ್ಯದಲ್ಲಿ ನಾನು ನಂಬರುಗಳನ್ನು ಎತ್ತುವಾಗ ಪೂರ್ವದ ಗ್ಯಾಲರಿಯಲ್ಲಿ ತೊಮೆಯಮ್ಮನ ಪಕ್ಕದಿಂದ ಅವರ ದನಿಯೂ ಏಳಲಿ, ಹೊಸ ಹುಡುಗರ ಹೆಸರುಗಳನ್ನು ಕೂಗಿ ಕೂಗಿ ಅವರ ಗಂಟಲು ಕಟ್ಟಲಿ, ಮತ್ತು ಆ ಕಟ್ಟಿದ ಗಂಟಲಿನಿಂದಲೇ ಅವರು ಇನ್ನೂ ನಲವತ್ತು ವರ್ಷ ನಮ್ಮೊಡನೆ ಮಾತಾಡುತ್ತಿರಲಿ ಎಂದು ಹೃತ್ಪೂರ್ವಕವಾಗಿ ಹಾರೈಸುತ್ತೇನೆ.